ಹತ್ತು ಕೋಟಿಯಲ್ಲಿ ಒಬ್ಬರನ್ನು ಹುಡುಕುವ ಲೆಕ್ಕ

1950ರ ದಶಕದ ನಡುವಿನಲ್ಲಿ ಇಡೀ ಅಮೆರಿಕದಲ್ಲಿದ್ದ ಕಂಪ್ಯೂಟರ್ ಪ್ರೋಗ್ರಾಮರ್‌ಗಳು ಸುಮಾರು 1,200 ಮಂದಿ ಎಂಬ ಅಂದಾಜಿದೆ. ನಮ್ಮ ಕಡೆಯ ಒಂದು ದೊಡ್ಡ ಕಲ್ಯಾಣ ಮಂಟಪದಲ್ಲಿ ಮೂರು ಪಂಕ್ತಿಗೆ ಊಟ ಮುಗಿಸಬಹುದಾದಷ್ಟು ಜನ. 2023ರ ಜನವರಿಯಲ್ಲಿ, ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಟ್ಟುಕೊಳ್ಳುವ ಗಿಟ್‌ಹಬ್, ತನ್ನ ಬಳಕೆದಾರರು 10 ಕೋಟಿ ಮುಟ್ಟಿದರೆಂದು ಸಾರಿತು. ಎಂಬತ್ತು ಸಾವಿರ ಪಟ್ಟಿಗೂ ಮಿಗಿಲು. ಖಾತೆ ತೆರೆದವರೆಲ್ಲ ಕಸುಬುದಾರರಲ್ಲ, ಕಾಲೇಜಿನ ಪ್ರಾಜೆಕ್ಟಿಗೆಂದು ಒಮ್ಮೆ ಬಂದು ಮರೆತವರೂ ಅದರಲ್ಲಿ ಬೇಕಾದಷ್ಟಿರುತ್ತಾರೆ ಅನ್ನಿ. ಹತ್ತರಲ್ಲಿ ಒಂಬತ್ತನ್ನು ಕಳೆದು ಹಾಕಿದರೂ ಒಂದು ಕೋಟಿ ಉಳಿಯುತ್ತದೆ.

ಈ ಎಪ್ಪತ್ತು ವರ್ಷಗಳಲ್ಲಿ ಯಂತ್ರ ಬದಲಾಯಿತು, ಭಾಷೆಗಳು ಬದಲಾದವು, ಕೆಲಸ ಮಾಡುವ ಊರುಗಳೂ ಬದಲಾದವು. ಒಳ್ಳೆಯ ಪ್ರೋಗ್ರಾಮರ್ ಬೇಕಾದಾಗ ಮಾತ್ರ ಕಂಪನಿಗಳು ಇವತ್ತಿಗೂ ತಮ್ಮಲ್ಲಿ ಈಗಾಗಲೇ ಇರುವವರ ಮೇಜಿನ ಹತ್ತಿರ ಬಂದು ನಿಲ್ಲುತ್ತವೆ: "ನಿಮಗೆ ಗೊತ್ತಿರೋರು ಯಾರಾದ್ರೂ ಇದ್ದಾರಾ?" 1,200 ಜನರ ಲೋಕದಲ್ಲಿ ಈ ಪ್ರಶ್ನೆ ಸಹಜ. ಕೋಟಿಗಳ ನಡುವೆಯೂ ಅದೇ ಪ್ರಶ್ನೆ ಕೆಲಸ ಮಾಡುತ್ತದೆ ಎನ್ನುವುದು ಮೊದಲ ನೋಟಕ್ಕೆ ನಂಬುವ ಮಾತಲ್ಲ.

ಆ 1,200 ಜನರ ಕಾಲವನ್ನೇ ಮೊದಲು ನೋಡೋಣ. ಸೋವಿಯತ್ ಬಾಂಬರ್ ವಿಮಾನಗಳು ಬಂದರೆ ಪತ್ತೆ ಹಚ್ಚಲು ಅಮೆರಿಕದ ವಾಯುಪಡೆ 'ಸೇಜ್' ಎಂಬ ವ್ಯವಸ್ಥೆ ಕಟ್ಟುತ್ತಿತ್ತು. ಅದಕ್ಕಾಗಿ ಐಬಿಎಂ ತಯಾರಿಸಿದ ಒಂದೊಂದು ಕಂಪ್ಯೂಟರಿನ ತೂಕ ಸುಮಾರು 250 ಟನ್. ಒಳಗೆ ಹತ್ತಿರಹತ್ತಿರ 50,000 ನಿರ್ವಾತ ಕೊಳವೆಗಳು. ಇಂಥ ಯಂತ್ರಕ್ಕೆ ಪ್ರೋಗ್ರಾಮ್ ಬರೆಯುವ ಹೊಣೆ ಹೊತ್ತ ಸಿಸ್ಟಂ ಡೆವಲಪ್‌ಮೆಂಟ್ ಕಾರ್ಪೊರೇಷನ್ ಎಂಬ ಸಂಸ್ಥೆ ಸುಮಾರು 700 ಪ್ರೋಗ್ರಾಮರ್‌ಗಳನ್ನು ಸೇರಿಸಿಕೊಂಡಿತು. ಅಂದಿನ ಲೆಕ್ಕದಲ್ಲಿ ದೇಶದ ಐದು ಪ್ರೋಗ್ರಾಮರ್‌ಗಳಲ್ಲಿ ಮೂವರು ಒಂದೇ ಸೂರಿನಡಿ ಇದ್ದಂತೆ. ಇವತ್ತು ಯಾವ ಕಂಪನಿಯಾದರೂ ಜಗತ್ತಿನ ಪ್ರೋಗ್ರಾಮರ್‌ಗಳಲ್ಲಿ ನೂರಕ್ಕೆ ಅರವತ್ತು ಪಾಲನ್ನು ತಾನೇ ಇಟ್ಟುಕೊಳ್ಳುತ್ತೇನೆ ಅಂದರೆ ಅದರ ಎಚ್‌ಆರ್ ವಿಭಾಗಕ್ಕೇ ಒಂದು ಜಿಲ್ಲೆ ಬೇಕಾದೀತು.

ಮಿಕ್ಕ ಕಂಪನಿಗಳು ಏನು ಮಾಡಬೇಕು? 1956ರ ಸುಮಾರಿಗೆ ಐಬಿಎಂ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟಿತು. ಚೆಸ್ ಆಡುವವರು, ಒಗಟು ಬಿಡಿಸುವವರು, ತರ್ಕಬುದ್ಧಿಯವರು ಬನ್ನಿ ಎಂದು ಕರೆಯಿತು. ಆ ಕರೆಯಿಂದ ಕೊನೆಗೆ ದಕ್ಕಿದ ಪ್ರೋಗ್ರಾಮರ್‌ಗಳು ಏಳೇ ಏಳು ಮಂದಿ! ಅವರಲ್ಲಿ ಹರಳುಗಳ ರಚನೆ ಓದಿದವರೊಬ್ಬರು, ಫ್ಯಾಷನ್ ಮಾಡೆಲ್ ಆಗಿದ್ದವರೊಬ್ಬರು, ಜೊತೆಗೆ ನಿಜವಾಗಿಯೂ ಚೆಸ್ ಆಟಗಾರರು. ಆ ಚೆಸ್ ಆಟಗಾರರಲ್ಲಿ ಅಲೆಕ್ಸ್ ಬರ್ನ್‌ಸ್ಟೈನ್ ಮುಂದೆ ಐಬಿಎಂ 704 ಯಂತ್ರಕ್ಕೆ ಚೆಸ್ ಆಡಲು ಕಲಿಸಿದವರಲ್ಲಿ ಪ್ರಮುಖರಾದರು. ಇಷ್ಟು ಸಣ್ಣ ಬಲೆಗೆ ಇಷ್ಟು ದೊಡ್ಡ ಮೀನು ಬಿದ್ದದ್ದು ಐಬಿಎಂನ ಅದೃಷ್ಟ. ಅದನ್ನೊಂದು ವಿಧಾನ ಎನ್ನಲು ನನಗೆ ಮನಸ್ಸಿಲ್ಲ.

ವಿಧಾನ ಬೇಕೆಂದೇ ಪರೀಕ್ಷೆ ಹುಟ್ಟಿಕೊಂಡಿತು. ಐಬಿಎಂನ ಪ್ರೋಗ್ರಾಮರ್ ಸಾಮರ್ಥ್ಯ ಪರೀಕ್ಷೆಯನ್ನು 1967ರ ಒಂದೇ ವರ್ಷದಲ್ಲಿ ಬರೆದವರು 7 ಲಕ್ಷಕ್ಕೂ ಹೆಚ್ಚು. ಆ ಹೊತ್ತಿಗೆ ಅಮೆರಿಕದಲ್ಲಿ ಪ್ರೋಗ್ರಾಮರ್‌ಗಳೆಂದು ಕೆಲಸ ಮಾಡುತ್ತಿದ್ದವರೇ ಸುಮಾರು ಒಂದು ಲಕ್ಷ. ಪರೀಕ್ಷೆಯಲ್ಲಿ ಬಂದ ಅಂಕಕ್ಕೂ ಮುಂದೆ ಅವರು ಮಾಡಿದ ಕೆಲಸದ ಗುಣಮಟ್ಟಕ್ಕೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ ಎಂದು ಆಗಿನ ಅಧ್ಯಯನಗಳೇ ತೋರಿಸಿದವು. ಪರೀಕ್ಷೆ ಮಾತ್ರ ನಡೆಯುತ್ತಲೇ ಇತ್ತು.

ಇಷ್ಟಕ್ಕೂ ಒಬ್ಬರಿಗೂ ಇನ್ನೊಬ್ಬರಿಗೂ ಅಷ್ಟೊಂದು ವ್ಯತ್ಯಾಸ ಇರುತ್ತದೆಯೇ? 1968ರಲ್ಲಿ ಅದೇ ಸಿಸ್ಟಂ ಡೆವಲಪ್‌ಮೆಂಟ್ ಕಾರ್ಪೊರೇಷನ್ನಿನ ಸ್ಯಾಕ್‌ಮನ್, ಎರಿಕ್‌ಸನ್, ಗ್ರಾಂಟ್ ಎಂಬ ಮೂವರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಅವರಿಗೆ ಬೇಕಾಗಿದ್ದದ್ದು ಬೇರೆಯೇ: ಯಂತ್ರದ ಮುಂದೆ ನೇರವಾಗಿ ಕೂತು ಕೆಲಸ ಮಾಡುವುದು ಲೇಸೋ, ಕಾರ್ಡುಗಳನ್ನು ಕೊಟ್ಟು ಫಲಿತಾಂಶಕ್ಕೆ ಕಾಯುವುದು ಲೇಸೋ ಎಂದು ಅಳೆಯುವುದು. ಅನುಭವವಿದ್ದ 12 ಪ್ರೋಗ್ರಾಮರ್‌ಗಳನ್ನು ಕೂರಿಸಿ ಒಂದೇ ಬೀಜಗಣಿತದ ಸಮಸ್ಯೆ ಕೊಟ್ಟರು. ತಪ್ಪುಗಳನ್ನು ಹುಡುಕಿ ತಿದ್ದಿ ಮುಗಿಸಲು ಎಲ್ಲರಿಗಿಂತ ಚುರುಕಾಗಿದ್ದವರಿಗೆ ಬೇಕಾದದ್ದು 6 ಗಂಟೆ. ಎಲ್ಲರಿಗಿಂತ ನಿಧಾನದವರಿಗೆ 170 ಗಂಟೆ. 28 ಪಟ್ಟು! ಎರಡು ವಿಧಾನಗಳ ನಡುವಿನ ಅಂತರವನ್ನು ಈ ಮನುಷ್ಯರ ನಡುವಿನ ಅಂತರ ನುಂಗಿ ಹಾಕಿತು. ಇವತ್ತು ಸಿಲಿಕಾನ್ ವ್ಯಾಲಿಯಿಂದ ವೈಟ್‌ಫೀಲ್ಡ್‌ವರೆಗೆ ಎಲ್ಲರ ಬಾಯಲ್ಲೂ ಓಡಾಡುವ 'ಹತ್ತು ಪಟ್ಟು ಎಂಜಿನಿಯರ್' ಎಂಬ ಮಾತಿನ ಒಂದು ಬೇರು ಇಲ್ಲೇ ಇದೆ.

ಬೇರನ್ನು ಅಗೆದು ನೋಡಿದವರೂ ಇದ್ದಾರೆ. 1981ರಲ್ಲಿ ಡಿಕೀ ಎಂಬುವರು ಆ ಅಂಕಿಗಳನ್ನು ಮತ್ತೆ ಬಿಡಿಸಿದರು. 12 ಮಂದಿಯಲ್ಲಿ ಕೆಲವರು ಮೇಲ್ಮಟ್ಟದ ಭಾಷೆಯಲ್ಲಿ ಬರೆದಿದ್ದರು, ಕೆಲವರು ಯಂತ್ರಭಾಷೆಯಲ್ಲಿ. ಕೆಲವರು ನೇರವಾಗಿ ಕೂತಿದ್ದರು, ಕೆಲವರು ಕಾದಿದ್ದರು. ಸಮಸಮ ಇಟ್ಟು ಹೋಲಿಸಿದರೆ 28 ಪಟ್ಟು ಕರಗಿ ಸುಮಾರು 5 ಪಟ್ಟು ಉಳಿಯಿತು. ಇಪ್ಪತ್ತೆಂಟರ ಕಥೆ ಕೇಳಿ ಬೆರಗಾದವರಿಗೆ ಐದು ಸಪ್ಪೆ ಎನಿಸಬಹುದು. ಆದರೆ ಒಬ್ಬರು ಸೋಮವಾರ ಸಂಜೆಗೆ ಮುಗಿಸಿ ಮನೆಗೆ ಹೋಗುವ ಕೆಲಸವನ್ನು ಇನ್ನೊಬ್ಬರು ಶುಕ್ರವಾರ ಸಂಜೆಗೆ ಮುಗಿಸುತ್ತಾರೆ, ಇಬ್ಬರ ಸಂಬಳವೂ ಹೆಚ್ಚುಕಡಿಮೆ ಒಂದೇ ಎಂದರೆ ಯಾವ ಮ್ಯಾನೇಜರ್‌ಗೂ ನಿದ್ದೆ ಬರಲಾರದು.

ಆ ಒಬ್ಬರನ್ನು ಹುಡುಕಲು ಗೂಗಲ್ ಮಾಡಿದ ಸಾಹಸಗಳನ್ನು ಅದರ ಮಾನವ ಸಂಪನ್ಮೂಲ ವಿಭಾಗಕ್ಕೆ ಬಹುಕಾಲ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ 2015ರ ತಮ್ಮ ಪುಸ್ತಕದಲ್ಲಿ ಬಿಚ್ಚಿಟ್ಟಿದ್ದಾರೆ. ಆಗ ವರ್ಷಕ್ಕೆ ಬರುತ್ತಿದ್ದ ಅರ್ಜಿಗಳು 20 ಲಕ್ಷಕ್ಕೂ ಮೇಲೆ. ಕೆಲಸ ಸಿಗುತ್ತಿದ್ದದ್ದು ಕೆಲವು ಸಾವಿರ ಜನರಿಗೆ. ಒಂದು ರೆಸ್ಯೂಮ್ ಓದಲು ಆರೇ ನಿಮಿಷ ಎಂದಿಟ್ಟುಕೊಳ್ಳಿ. 20 ಲಕ್ಷ ರೆಸ್ಯೂಮ್‌ಗಳಿಗೆ 1 ಕೋಟಿ 20 ಲಕ್ಷ ನಿಮಿಷ, ಅಂದರೆ 2 ಲಕ್ಷ ಗಂಟೆ. ವರ್ಷಕ್ಕೆ 2,000 ಗಂಟೆ ದುಡಿಯುವ 100 ಜನ ಬೇರೇನನ್ನೂ ಮಾಡದೆ, ತಲೆಯೆತ್ತದೆ, ಬರೀ ರೆಸ್ಯೂಮ್ ಓದುತ್ತಾ ಕೂರಬೇಕು. ಓದಿದ ಮೇಲೂ ಗೊತ್ತಾಗುವುದೇನು? ಎಲ್ಲರ ರೆಸ್ಯೂಮ್‌ನಲ್ಲೂ ಎಲ್ಲರೂ ತಂಡದ ಆಟಗಾರರೇ, ಎಲ್ಲರೂ ಬಹುಬೇಗ ಕಲಿಯುವವರೇ.

2004ರಲ್ಲಿ ಗೂಗಲ್ ಇನ್ನೊಂದು ದಾರಿ ಹಿಡಿಯಿತು. ಸಿಲಿಕಾನ್ ವ್ಯಾಲಿಯ 101ನೇ ಹೆದ್ದಾರಿಯ ಪಕ್ಕ ಒಂದು ಜಾಹೀರಾತು ಫಲಕ ಎದ್ದು ನಿಂತಿತು. ಕಂಪನಿಯ ಹೆಸರಿಲ್ಲ, ಕೆಲಸದ ಮಾತಿಲ್ಲ. ಗಣಿತದ 'ಇ' ಎಂಬ ಸ್ಥಿರಾಂಕದ ಅಂಕಿಗಳ ಸಾಲಿನಲ್ಲಿ ಮೊದಲು ಸಿಗುವ ಹತ್ತಂಕಿಯ ಅವಿಭಾಜ್ಯ ಸಂಖ್ಯೆ ಯಾವುದು ಎಂಬ ಪ್ರಶ್ನೆ ಮಾತ್ರ. ಉತ್ತರವೇ ಒಂದು ಜಾಲತಾಣದ ವಿಳಾಸ. ಹತ್ತಂಕಿಯ ಸಂಖ್ಯೆಗಳು ಒಟ್ಟು 900 ಕೋಟಿ. ಅವುಗಳಲ್ಲಿ ಅವಿಭಾಜ್ಯಗಳೇ 40 ಕೋಟಿ 42 ಲಕ್ಷದಷ್ಟಿವೆ. 'ಇ'ಯ ಸಾಲಿನಲ್ಲಿ ಸುಮಾರು ನೂರನೇ ಅಂಕಿಯ ಬಳಿ ಸಿಗುವ ಉತ್ತರ 7427466391. ಅಲ್ಲಿಗೆ ಹೋದವರಿಗೆ ಇನ್ನೊಂದು ಒಗಟು, ಅದನ್ನೂ ಬಿಡಿಸಿದವರಿಗೆ ಅರ್ಜಿ ಹಾಕುವ ಆಹ್ವಾನ. ಪತ್ರಿಕೆಗಳು ಕೊಂಡಾಡಿದವು, ಜಾಣರು ಕುಣಿದಾಡಿದರು. ಈ ಫಲಕದಿಂದ ಎಷ್ಟು ಜನರಿಗೆ ಕೆಲಸ ಸಿಕ್ಕಿತು? ಬಾಕ್ ಕೊಡುವ ಉತ್ತರ: ಸೊನ್ನೆ.

ಅದೇ ಗೂಗಲ್‌ನಲ್ಲಿ ಒಂದು ಕಾಲಕ್ಕೆ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಳಗಿದ್ದವರ ಶಿಫಾರಸಿನಿಂದ, ಅಂದರೆ ನಾವೆಲ್ಲ ಹೇಳುವ ರೆಫರಲ್‌ನಿಂದ ಬರುತ್ತಿದ್ದರು. ಆ ಪ್ರಮಾಣ ಇಳಿಯತೊಡಗಿದಾಗ ಕಂಪನಿ ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ರೆಫರಲ್ ಬೋನಸ್ಸನ್ನು 2,000 ಡಾಲರಿನಿಂದ 4,000ಕ್ಕೆ ಏರಿಸಿತು. ದುಡ್ಡು ಎರಡರಷ್ಟಾಯಿತು, ರೆಫರಲ್ ಅಲುಗಾಡಲಿಲ್ಲ. ಆಮೇಲೆ ಪ್ರಶ್ನೆಯನ್ನೇ ಬದಲಿಸಿದರು. 'ಯಾರಾದರೂ ಒಳ್ಳೆಯವರು ಗೊತ್ತಾ' ಎಂಬ ಹರಕು ಪ್ರಶ್ನೆಯ ಜಾಗದಲ್ಲಿ, 'ನೀವು ಇದುವರೆಗೆ ಜೊತೆಗೆ ಕೆಲಸ ಮಾಡಿದವರಲ್ಲಿ ರೂಬಿ ಭಾಷೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರೆಯುತ್ತಿದ್ದವರು ಯಾರು?' ಎಂಬಂಥ ನಿರ್ದಿಷ್ಟ ಪ್ರಶ್ನೆ. ರೆಫರಲ್‌ಗಳು ಮೂರನೇ ಒಂದು ಭಾಗಕ್ಕೂ ಹೆಚ್ಚು ಏರಿದವು. ಡಾಲರಿಗೆ ಬಗ್ಗದ ನೆನಪು ಒಂದು ಸರಿಯಾದ ಪ್ರಶ್ನೆಗೆ ಬಾಗಿಲು ತೆರೆಯಿತು. ನನಗೆ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗ ಇದೇ. ಖರ್ಚು ಬೇರೆ ಇಲ್ಲ.

ಆ ನೆನಪಿನೊಳಗೆ ಎಷ್ಟು ಜನ ಇರುತ್ತಾರೆ? ಮನುಷ್ಯನೊಬ್ಬ ನಿಭಾಯಿಸಬಲ್ಲ ಪರಿಚಯಗಳು ಸುಮಾರು 150 ಎಂದು ಬ್ರಿಟನ್ನಿನ ರಾಬಿನ್ ಡನ್‌ಬಾರ್ 1992ರಲ್ಲಿ ಸೂಚಿಸಿದರು. ವಾದವಿವಾದ ಬೇಕಾದಷ್ಟಿದೆ, ಲೆಕ್ಕಕ್ಕೆ ಇಟ್ಟುಕೊಳ್ಳೋಣ. ನೀವು ನಿಮ್ಮ 150 ಜನರನ್ನು ಕೇಳಿದಿರಿ. ಅವರೊಬ್ಬೊಬ್ಬರೂ ತಮ್ಮ 150 ಜನರನ್ನು ಕೇಳಿದರು: 22,500. ಇನ್ನೊಂದು ಹೆಜ್ಜೆ: 33 ಲಕ್ಷ 75 ಸಾವಿರ. ನಾಲ್ಕನೆಯದು: 50 ಕೋಟಿ 62 ಲಕ್ಷ. ಐದನೇ ಹೆಜ್ಜೆಗೆ 7,593 ಕೋಟಿ ದಾಟಿ, ಭೂಮಿಯ ಮೇಲಿನ ಜನಸಂಖ್ಯೆಯ ಒಂಬತ್ತು ಪಟ್ಟಾಗುತ್ತದೆ. ಕಾಗದದ ಮೇಲೆ.

ನಿಜದಲ್ಲಿ ನನ್ನ ಗೆಳೆಯನ ಗೆಳೆಯ ಬಹಳ ಸಲ ನನಗೂ ಗೆಳೆಯನೇ. ಹಾಗಾಗಿ ಗುಣಾಕಾರ ಇಷ್ಟು ಧಾರಾಳವಾಗಿರುವುದಿಲ್ಲ ಎಂದುಕೊಳ್ಳುತ್ತೇವೆ. 2011ರಲ್ಲಿ ಫೇಸ್‌ಬುಕ್ ತನ್ನ ಅಂದಿನ 72 ಕೋಟಿ 10 ಲಕ್ಷ ಬಳಕೆದಾರರನ್ನೂ ಅವರ ನಡುವಿನ ಸುಮಾರು 6,900 ಕೋಟಿ ಗೆಳೆತನದ ಎಳೆಗಳನ್ನೂ ಎಣಿಸಿ ನೋಡಿತು. 100 ಗೆಳೆಯರಿದ್ದ ಒಬ್ಬ ಸಾಮಾನ್ಯ ಬಳಕೆದಾರನಿಗೆ ಗೆಳೆಯರ ಗೆಳೆಯರು, ಎರಡೆರಡು ಸಲ ಬಂದವರನ್ನು ಒಮ್ಮೆ ಮಾತ್ರ ಎಣಿಸಿದರೂ, 27,500! ನೂರು ನೂರಲೆ ಹತ್ತು ಸಾವಿರ ಆಗಬೇಕಿದ್ದ ಲೆಕ್ಕ, ಪುನರಾವರ್ತನೆಯನ್ನು ಕಳೆದ ಮೇಲೂ ಎರಡೂಮುಕ್ಕಾಲು ಪಟ್ಟು ಹೆಚ್ಚಾಗಿತ್ತು. ಕಾರಣ ಸರಳ, ಆದರೆ ಕೊಂಚ ಅವಮಾನಕರ: ಸರಾಸರಿ ಬಳಕೆದಾರನಿಗೆ 190 ಗೆಳೆಯರಿದ್ದರೆ, ಅವನ ಗೆಳೆಯರಿಗೆ ಸರಾಸರಿ 635 ಗೆಳೆಯರು. ಬಹಳ ಜನ ಗೊತ್ತಿರುವವರು ಬಹಳ ಜನರ ಪಟ್ಟಿಯಲ್ಲಿ ಇರುತ್ತಾರೆ. ಹಾಗಾಗಿ ಯಾರದೇ ಪಟ್ಟಿ ತೆಗೆದರೂ ಅಂಥವರೇ ಮುಂದೆ ಬರುತ್ತಾರೆ. 1991ರಲ್ಲೇ ಸ್ಕಾಟ್ ಫೆಲ್ಡ್ ಎಂಬ ಸಮಾಜಶಾಸ್ತ್ರಜ್ಞ ಇದನ್ನು ಗಣಿತವಾಗಿ ತೋರಿಸಿದ್ದರು. ನಿಮಗೆ ಒಳ್ಳೆಯ ಪ್ರೋಗ್ರಾಮರ್ ಗೊತ್ತಿಲ್ಲದಿದ್ದರೂ ಗೊತ್ತಿರುವವರು ನಿಮಗೆ ಗೊತ್ತಿರುವ ಸಂಭವ ಈ ಲೆಕ್ಕದಿಂದಲೇ ಜಾಸ್ತಿ.

ಹಾಗಾದರೆ ಕೇಳಬೇಕಾದದ್ದು ಯಾರನ್ನು? ದಿನಾ ಜೊತೆಗೆ ಕಾಫಿ ಕುಡಿಯುವವರನ್ನೋ, ವರ್ಷಕ್ಕೊಮ್ಮೆ ಹುಟ್ಟುಹಬ್ಬಕ್ಕೆ ಶುಭಾಶಯ ಕಳಿಸುವವರನ್ನೋ? ಬಾಸ್ಟನ್ ಪಕ್ಕದ ನ್ಯೂಟನ್ ಎಂಬ ಊರಿನಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ತರುಣ ಸಂಶೋಧಕ ಇದನ್ನೇ ಕೇಳಿದ್ದ. ಪರಿಚಿತರಿಂದ ಕೆಲಸದ ಸುಳಿವು ಸಿಕ್ಕ 54 ಜನರನ್ನು ಮಾತನಾಡಿಸಿ, ಸುಳಿವು ಕೊಟ್ಟವರನ್ನು ಆಗ ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ವಿಚಾರಿಸಿದ. ವಾರಕ್ಕೆ ಕನಿಷ್ಠ ಎರಡು ಸಲ ಎಂದವರು 9 ಮಂದಿ. ಆಗೊಮ್ಮೆ ಈಗೊಮ್ಮೆ ಎಂದವರು 30. ವರ್ಷಕ್ಕೊಮ್ಮೆಯೋ ಅದಕ್ಕಿಂತ ಅಪರೂಪಕ್ಕೋ ಎಂದವರು 15. ಆಪ್ತರು ನಮ್ಮ ಪ್ರಪಂಚದಲ್ಲೇ ಇರುವುದರಿಂದ ಅವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ದೂರದ ಪರಿಚಿತರು ಇನ್ನೊಂದು ಪ್ರಪಂಚದ ಸುದ್ದಿ ತರುತ್ತಾರೆ. 'ದುರ್ಬಲ ನಂಟುಗಳ ಬಲ' ಎಂಬ ಅವನ 1973ರ ಲೇಖನ ಸಮಾಜಶಾಸ್ತ್ರದಲ್ಲೇ ಅತಿ ಹೆಚ್ಚು ಉಲ್ಲೇಖಗೊಂಡ ಬರಹಗಳಲ್ಲೊಂದಾಯಿತು. ಹಿಂದಿದ್ದ ಅಂಕಿ ಮಾತ್ರ 54. ಅದೂ ಒಂದೇ ಊರಿನ ಗಂಡಸರು.

ಐವತ್ತು ವರ್ಷ ಕಳೆಯುವುದರೊಳಗೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಲಾಯಿತು. ಈ ಸಲ 2 ಕೋಟಿ ಜನರಿಗೆ. ಅವರಿಗೆ ಗೊತ್ತೇ ಆಗದಂತೆ! ಲಿಂಕ್ಡ್‌ಇನ್‌ನಲ್ಲಿ 'ನಿಮಗೆ ಇವರು ಗೊತ್ತಿರಬಹುದು' ಎಂದು ಪರದೆಯ ಬದಿಗೆ ಮುಖಗಳು ತೇಲಿ ಬರುತ್ತವಲ್ಲ, ಆ ಸಲಹೆಗಳ ಲೆಕ್ಕಾಚಾರವನ್ನು ಐದು ವರ್ಷಗಳ ಅವಧಿಯಲ್ಲಿ ಬೇಕೆಂದೇ ಬದಲಿಸುತ್ತಾ ಬಂದಿದ್ದರು. ಕೆಲವರಿಗೆ ಹತ್ತಿರದವರ ಮುಖಗಳು ಹೆಚ್ಚು, ಕೆಲವರಿಗೆ ದೂರದವರದು. ಈ ಅವಧಿಯಲ್ಲಿ ಬೆಸೆದುಕೊಂಡ ಹೊಸ ನಂಟುಗಳು 200 ಕೋಟಿ, ಹಾಕಿದ ಅರ್ಜಿಗಳು 7 ಕೋಟಿ, ಸಿಕ್ಕ ಹೊಸ ಕೆಲಸಗಳು 6 ಲಕ್ಷ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಗ್ರಾನೊವೆಟರ್ ಹೇಳಿದ್ದು ಬಹುಮಟ್ಟಿಗೆ ನಿಜ, ಒಂದು ತಿದ್ದುಪಡಿಯೊಂದಿಗೆ: ತೀರಾ ಆಪ್ತರೂ ಅಲ್ಲ, ತೀರಾ ಅಪರಿಚಿತರೂ ಅಲ್ಲ, ನಡುವಿನವರೇ ಹೆಚ್ಚು ಉಪಯೋಗಕ್ಕೆ ಬರುತ್ತಾರೆ, ಸುಮಾರು ಹತ್ತು ಮಂದಿ ಸಮಾನ ಪರಿಚಿತರಿರುವ ಮನುಷ್ಯ. ಇನ್ನೊಂದು ಮಾತು ನಮ್ಮ ವಿಷಯಕ್ಕೆ ನೇರವಾಗಿ ತಾಗುತ್ತದೆ. ದುರ್ಬಲ ನಂಟಿನ ಈ ಬಲ ಸಾಫ್ಟ್‌ವೇರ್‌ನಂಥ ಡಿಜಿಟಲ್ ಉದ್ಯಮಗಳಲ್ಲಿ ಎದ್ದು ಕಾಣುತ್ತದೆ. ಡಿಜಿಟಲ್ ಬಳಕೆ ಕಡಿಮೆಯಿರುವ ಕಡೆ ಆಪ್ತರ ಮಾತಿಗೇ ಬೆಲೆ.

ಬೆಂಗಳೂರಿನ ವಿಚಿತ್ರ ಶಕ್ತಿ ಇರುವುದು ಇಲ್ಲೇ ಎಂದು ನನ್ನ ಲೆಕ್ಕ. 1981ರಲ್ಲಿ ಪುಣೆಯಲ್ಲಿ ಏಳು ಜನ 10,000 ರೂಪಾಯಿ ಬಂಡವಾಳದಲ್ಲಿ ಇನ್ಫೋಸಿಸ್ ಶುರುಮಾಡಿದರು. ಆ ಏಳು ಜನರನ್ನು ಒಟ್ಟುಗೂಡಿಸಿದ್ದು ಜಾಹೀರಾತಲ್ಲ, ಪರೀಕ್ಷೆಯಲ್ಲ. ಪಾಟ್ನಿ ಕಂಪ್ಯೂಟರ್ಸ್‌ನಲ್ಲಿ ಬೆಳೆದ ಒಡನಾಟ, ಪಕ್ಕದ ಮೇಜಿನವನ ಕೆಲಸವನ್ನು ಕಣ್ಣಾರೆ ಕಂಡ ನಂಬಿಕೆ. 1983ರಲ್ಲಿ ಕಂಪನಿ ಬೆಂಗಳೂರಿಗೆ ಬಂತು. 2022ರ ಮಾರ್ಚ್ ಕೊನೆಗೆ ಕಂಪನಿಯ ಒಟ್ಟು ನೌಕರರು 3,14,015. ಏಳಕ್ಕೆ ಹೋಲಿಸಿದರೆ ಸುಮಾರು 45,000 ಪಟ್ಟು.

ಅದೇ ತ್ರೈಮಾಸಿಕದಲ್ಲಿ ಕಂಪನಿ ಪ್ರಕಟಿಸಿದ ಇನ್ನೊಂದು ಅಂಕಿ, ಹಿಂದಿನ ಹನ್ನೆರಡು ತಿಂಗಳಲ್ಲಿ ತಾವಾಗಿ ಬಿಟ್ಟುಹೋದವರ ಪ್ರಮಾಣ: ಶೇ. 27.7. ಕೊರೊನಾ ನಂತರ ಎಲ್ಲ ಐಟಿ ಕಂಪನಿಗಳಲ್ಲೂ ಜನ ಹೀಗೆ ಕೆಲಸ ಬದಲಿಸುತ್ತಿದ್ದ ಕಾಲ ಅದು. ಒಂದು ಅಂದಾಜಿನಲ್ಲಿ ಇನ್ಫೋಸಿಸ್‌ನಿಂದ ದಿನಕ್ಕೆ ಇನ್ನೂರು ಜನ ನೋಟಿಸ್ ಪೀರಿಯಡ್ ಮುಗಿಸಿ ಲ್ಯಾಪ್‌ಟಾಪ್ ಹಿಂದಿರುಗಿಸಿ ಹೊರಬಿದ್ದರು ಎಂದಿಟ್ಟುಕೊಳ್ಳಿ. ಅತ್ತ ಟಿಸಿಎಸ್ ಆ ಆರ್ಥಿಕ ವರ್ಷದಲ್ಲಿ ನಿವ್ವಳ 1,03,546 ಜನರನ್ನು ಕೂಡಿಸಿಕೊಂಡಿತು. ದಿನಕ್ಕೆ ಸುಮಾರು 284. ಆ ದಿನಗಳ ಪತ್ರಿಕೆಗಳು ಇದನ್ನೆಲ್ಲ ಬಿಕ್ಕಟ್ಟು ಎಂದೇ ಬರೆದವು. ಕಂಪನಿಗಳ ಪಾಲಿಗೆ ಬಿಕ್ಕಟ್ಟೇ ಸರಿ.

ನಂಟುಗಳ ಲೆಕ್ಕದಲ್ಲಿ ಇದು ಬೇರೆಯೇ ಕಾಣುತ್ತದೆ. 12 ಜನರ ಒಂದು ತಂಡದಲ್ಲಿ ಇಬ್ಬಿಬ್ಬರ ನಡುವಿನ ನಂಟುಗಳು 66. ಎಲ್ಲರೂ ಒಂದೇ ಕೋಣೆಯಲ್ಲಿ ಇರುವಷ್ಟು ಕಾಲ ಈ 66 ನಂಟುಗಳಿಂದ ಹೊಸ ಸುದ್ದಿ ಏನೂ ಬರುವುದಿಲ್ಲ. ಒಬ್ಬರಿಗೆ ಗೊತ್ತಿದ್ದದ್ದು ಎಲ್ಲರಿಗೂ ಗೊತ್ತು. ಮೂರು ವರ್ಷದೊಳಗೆ ತಂಡ ಚದುರಿ ಹನ್ನೆರಡು ಕಂಪನಿ ಸೇರಿದರೆ ಅದೇ 66 ನಂಟುಗಳು ಕಂಪನಿಯಿಂದ ಕಂಪನಿಗೆ ಹಾಕಿದ 66 ಸೇತುವೆಗಳಾಗುತ್ತವೆ. ಅದೂ ಎಂಥ ಸೇತುವೆಗಳು! ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಯಾರು ಫೋನ್ ತೆಗೆದರು, ಯಾರು ತೆಗೆಯಲಿಲ್ಲ, ಯಾರ ಕೋಡ್ ಓದಿದರೆ ತಲೆ ನೆಟ್ಟಗಿರುತ್ತಿತ್ತು, ಯಾರದನ್ನು ತಿದ್ದಲು ಹೋದರೆ ವಾರ ಹೋಗುತ್ತಿತ್ತು, ಎಲ್ಲ ಗೊತ್ತಿರುವವರು ಅವರು. ಹದಿನೈದು ವರ್ಷದಲ್ಲಿ ಅಂಥ ಐದು ತಂಡ ಕಂಡ ಒಬ್ಬ ಎಂಜಿನಿಯರ್‌ಗೆ 55 ಮಂದಿ ಹಳೆಯ ಸಹೋದ್ಯೋಗಿಗಳ ಕೆಲಸ ಅಂಗೈ ಗೆರೆಯಷ್ಟು ಪರಿಚಿತ. ಯಾವ ಸಂದರ್ಶನವೂ ಮುಕ್ಕಾಲು ಗಂಟೆಯಲ್ಲಿ ತಿಳಿಯಲಾರದ್ದು ಅಲ್ಲಿ ಇದೆ. ಲಿಂಕ್ಡ್‌ಇನ್‌ನ 2 ಕೋಟಿ ಜನರ ಪ್ರಯೋಗ ಹುಡುಕಿದ ಆ 'ನಡುವಿನ' ನಂಟು, ಅಂದರೆ ಬಿಟ್ಟುಹೋದ ಸಹೋದ್ಯೋಗಿ, ಔಟರ್ ರಿಂಗ್ ರಸ್ತೆಯಲ್ಲಿ ಪ್ರತಿ ಸಿಗ್ನಲ್‌ನಲ್ಲೂ ನಿಂತಿರುತ್ತಾನೆ.

ಇಷ್ಟೆಲ್ಲ ಇದ್ದರೂ ಕಂಪನಿಗಳ ರೆಫರಲ್ ಬೋನಸ್ಸಿನಲ್ಲಿ ಒಂದು ದಡ್ಡತನ ಉಳಿದಿದೆ. ಅದನ್ನು ತೋರಿಸಲು ಕೆಂಪು ಬಲೂನುಗಳ ಕಥೆ ಹೇಳಬೇಕು. 2009ರ ಡಿಸೆಂಬರ್ 5ರಂದು ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ, ಎಂಟು ಅಡಿಯ 10 ಕೆಂಪು ಬಲೂನುಗಳನ್ನು ದೇಶದ ಹತ್ತು ಕಡೆ ಹಾರಿಸಿ ಕಟ್ಟಿತು. ಹತ್ತರ ಜಾಗವನ್ನೂ ಮೊದಲು ಹೇಳಿದವರಿಗೆ 40,000 ಡಾಲರ್. ಸಾವಿರಾರು ತಂಡಗಳು ಹೊರಟವು. ಗೆದ್ದದ್ದು ಎಂಐಟಿಯ ಒಂದು ಪುಟ್ಟ ತಂಡ, 8 ಗಂಟೆ 52 ನಿಮಿಷದಲ್ಲಿ. ಬಲೂನುಗಳು ಏರುವ ಮೊದಲಿನ ಒಂದೂವರೆ ದಿನದಲ್ಲಿ ಅವರು ಕಲೆಹಾಕಿದ್ದು ಸುಮಾರು 4,400 ಜನರನ್ನು.

ಅವರ ಗುಟ್ಟು ಒಂದು ಸರಳ ಶ್ರೇಢಿ. ಬಲೂನ್ ಕಂಡವರಿಗೆ 2,000 ಡಾಲರ್. ಅವರನ್ನು ತಂಡಕ್ಕೆ ಕರೆತಂದವರಿಗೆ 1,000. ಆ ಕರೆತಂದವರನ್ನು ಕರೆತಂದವರಿಗೆ 500. ಅವರ ಹಿಂದಿನವರಿಗೆ 250. ಹೀಗೆ ಸರಪಳಿ ಎಷ್ಟೇ ಉದ್ದವಾದರೂ ಕೂಡಿದ ಮೊತ್ತ 4,000 ಡಾಲರನ್ನು ಮುಟ್ಟುವುದೇ ಇಲ್ಲ; ಹತ್ತು ಬಲೂನಿಗೆ 40,000ದ ಒಳಗೆ. ಶಾಲೆಯಲ್ಲಿ ಬೇಸರದಿಂದ ಕಲಿತ ಗುಣೋತ್ತರ ಶ್ರೇಢಿ ಒಂದು ಖಂಡವನ್ನೇ ಕಣ್ಣಾಗಿಸಿತು. ಬಲೂನ್ ಕಂಡವರಿಗೆ ಮಾತ್ರ ಬಹುಮಾನ ಎಂದಿದ್ದರೆ ನಾನೇಕೆ ನಿಮಗೆ ಸುದ್ದಿ ಹೇಳುತ್ತಿದ್ದೆ? ನೀವು ನನ್ನ ಪ್ರತಿಸ್ಪರ್ಧಿ. ಈ ಏರ್ಪಾಡಿನಲ್ಲಿ ನೀವು ಕಂಡರೆ ನನಗೂ ಲಾಭ.

ನಮ್ಮ ಕಂಪನಿಗಳ ಬೋನಸ್ ಬಲೂನ್ ಕಂಡವರಿಗೆ ಮಾತ್ರ. ಒಳ್ಳೆಯ ಪ್ರೋಗ್ರಾಮರ್ ಗೊತ್ತಿರುವ ಮೂರನೆಯವರ ಕಡೆಗೆ ಬೆರಳು ತೋರಿಸಿದವರಿಗೆ ಥ್ಯಾಂಕ್ಸ್ ಕೂಡ ಇಲ್ಲ. 27,500 ಜನ ಎರಡು ಹೆಜ್ಜೆ ದೂರದಲ್ಲಿ ಇದ್ದಾರೆಂದು ಗೊತ್ತಿದ್ದೂ ಮೊದಲ ಹೆಜ್ಜೆಯ ನೂರು ಜನರಿಗಷ್ಟೇ ದುಡ್ಡು ಕೊಡುತ್ತೇವೆ ಎನ್ನುವುದು ಯಾವ ಜಾಣತನವೋ.

ದುಡ್ಡಿನ ಮಾತು ಬಂದಾಗ ನೆಂಟರ ಮಾತೂ ಬರಬೇಕು. ಸಾಫ್ಟ್‌ವೇರ್‌ನಲ್ಲಿರುವ ಯಾರೇ ಊರಿನ ಮದುವೆಗೆ ಹೋಗಲಿ, ಊಟಕ್ಕೆ ಕೂರುವ ಮುಂಚೆ ಒಬ್ಬ ದೊಡ್ಡಪ್ಪನೋ ಸೋದರಮಾವನೋ ಭುಜದ ಮೇಲೆ ಕೈಯಿಟ್ಟೇ ಇಡುತ್ತಾರೆ: "ನಿಮ್ಮ ಕಂಪನೀಲಿ ನಮ್ಮ ಹುಡುಗನಿಗೂ ಒಂದು ನೋಡಪ್ಪ." ಹುಡುಗನಿಗೆ ಕೋಡ್ ಬರುತ್ತದೆಯೇ ಎಂಬುದು ಆ ಮಾತಿನಲ್ಲಿ ಬರುವ ವಿಷಯವಲ್ಲ. ಕೋಲ್ಕತಾದಲ್ಲಿ ಲೋರಿ ಬೀಮನ್ ಮತ್ತು ಜೆರೆಮಿ ಮ್ಯಾಗ್ರೂಡರ್ ಎಂಬ ಅರ್ಥಶಾಸ್ತ್ರಜ್ಞರು ನಡೆಸಿ 2012ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಹಿಡಿಯಿತು. ಒಬ್ಬರನ್ನು ಕರೆತಂದರೆ ಇಷ್ಟು ಹಣ ಎಂದಾಗ ಒಂದು ಬಗೆಯ ಜನ ಬಂದರು. ಹಾಗೆ ಬಂದವರು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಾರೋ ಅದರ ಮೇಲೆ ಹಣ ಎಂದಾಗ ನೆಂಟರು ಹಿಂದೆ ಸರಿದು ಸಹೋದ್ಯೋಗಿಗಳು ಮುಂದೆ ಬಂದರು. ಯಾರು ಕೆಲಸಕ್ಕೆ ಲಾಯಕ್ಕು ಎನ್ನುವುದು ಜನರಿಗೆ ಮೊದಲೇ ಗೊತ್ತಿತ್ತು, ಕನಿಷ್ಠ ತಾವೇ ಕೆಲಸದಲ್ಲಿ ಗಟ್ಟಿಯಾಗಿದ್ದವರಿಗೆ. ಹೇಳಲು ಕಾರಣ ಇರಲಿಲ್ಲ, ಅಷ್ಟೇ.

ರೆಫರಲ್‌ನಿಂದ ಬಂದವರೆಲ್ಲ ಪ್ರತಿಭಾವಂತರು ಎಂದೂ ಯಾರೂ ಎದೆ ತಟ್ಟಿ ಹೇಳುವಂತಿಲ್ಲ. ಕಾಲ್ ಸೆಂಟರ್, ಲಾರಿ ಸಾಗಣೆ, ಹೈಟೆಕ್ ಎಂಬ ಮೂರು ಉದ್ಯಮಗಳ ಒಂಬತ್ತು ದೊಡ್ಡ ಕಂಪನಿಗಳ ದಾಖಲೆಗಳನ್ನು ಜಾಲಾಡಿದ 2015ರ ಒಂದು ಅಧ್ಯಯನದಲ್ಲಿ, ಹಾಗೆ ಬಂದವರು ಕೌಶಲದ ಅಳತೆಗಳಲ್ಲಿ ಉಳಿದವರಿಗಿಂತ ಹೆಚ್ಚೇನೂ ಭಿನ್ನವಾಗಿರಲಿಲ್ಲ. ಅವರು ಆಯ್ಕೆಯಾಗುವ ಸಂಭವ ಹೆಚ್ಚು, ಆಫರ್ ಲೆಟರ್ ಒಪ್ಪಿಕೊಳ್ಳುವ ಸಂಭವ ಹೆಚ್ಚು, ಬಿಟ್ಟುಹೋಗುವ ಸಂಭವ ಕಡಿಮೆ. ಕಂಪನಿಗೆ ಅಷ್ಟರಲ್ಲೇ ಲಾಭ.

ನಷ್ಟ ಯಾರಿಗೆ ಎಂಬುದಕ್ಕೂ ಲೆಕ್ಕವಿದೆ. 1998ರಲ್ಲಿ ಬೆಳಗಾವಿಯಲ್ಲಿ ಶುರುವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯಲ್ಲಿ ಇನ್ನೂರರ ಆಸುಪಾಸಿನಲ್ಲಿ ಕಾಲೇಜುಗಳಿವೆ. ಮೂರನ್ನು ಮಾತ್ರ ಊಹಿಸಿಕೊಳ್ಳೋಣ. ಒಂದು ಕಂಪನಿಯಲ್ಲಿ ಮೊದಲನೇ ಕಾಲೇಜಿನವರು 9 ಮಂದಿ, ಎರಡನೆಯದರಿಂದ ಒಬ್ಬರು, ಮೂರನೆಯದರಿಂದ ಯಾರೂ ಇಲ್ಲ. ಪ್ರತಿ ವರ್ಷ ಪ್ರತಿಯೊಬ್ಬರೂ ತಮ್ಮ ಕಾಲೇಜಿನ ಜೂನಿಯರ್ ಒಬ್ಬರನ್ನು ರೆಫರ್ ಮಾಡಿ ಒಳಗೆ ತರುತ್ತಾರೆ. ಐದು ವರ್ಷಕ್ಕೆ ಮೊದಲನೇ ಕಾಲೇಜಿನವರು 288, ಎರಡನೆಯದರವರು 32. ಮೂರನೆಯದು? ಸೊನ್ನೆಯನ್ನು ಐದು ಸಲ ದುಪ್ಪಟ್ಟು ಮಾಡಿದರೂ ಸೊನ್ನೆ. ಐವತ್ತು ಸಲ ಮಾಡಿದರೂ ಅಷ್ಟೇ. ಇದರಲ್ಲಿ ಯಾರೂ ಯಾರಿಗೂ ಕೇಡು ಬಯಸಿಲ್ಲ, ಎಲ್ಲರೂ ತಮಗೆ ಗೊತ್ತಿರುವ ಒಳ್ಳೆಯವರನ್ನೇ ಕರೆತಂದಿದ್ದಾರೆ. ಆ ಮೂರನೇ ಕಾಲೇಜಿನ ಕೊನೆಯ ವರ್ಷದ ಹುಡುಗಿ ಲಿಂಕ್ಡ್‌ಇನ್‌ನಲ್ಲಿ ಮುಖ ಪರಿಚಯವಿಲ್ಲದ ನೂರಾರು ಜನರಿಗೆ 'ಸರ್, ಪ್ಲೀಸ್ ರೆಫರ್ ಮಿ' ಎಂದು ಬರೆಯುತ್ತಿರುತ್ತಾಳೆ. ಅವಳ ಮತ್ತು ಅವರ ನಡುವಿನ ಸಮಾನ ಪರಿಚಿತರು ಹತ್ತಲ್ಲ, ಒಬ್ಬರೂ ಇಲ್ಲ.

ಸೊನ್ನೆ ಒಂದಾಗುವುದು ಹೇಗೆ ಎನ್ನುವುದಕ್ಕೆ ದೊಡ್ಡ ಮಟ್ಟದ ಉದಾಹರಣೆ ಹುಡುಕಿದರೆ ದೃಷ್ಟಿ ಸಿಲಿಕಾನ್ ವ್ಯಾಲಿಯ ಕಡೆ ಹೋಗುವುದಿಲ್ಲ, ಕೊಲಂಬೊದ ಹೊರವಲಯಕ್ಕೆ ಹೋಗುತ್ತದೆ. 2005ರಲ್ಲಿ ಗೂಗಲ್ 'ಸಮ್ಮರ್ ಆಫ್ ಕೋಡ್' ಎಂಬ ಕಾರ್ಯಕ್ರಮ ಶುರುಮಾಡಿತು. ಜಗತ್ತಿನ ಯಾವುದೇ ಮೂಲೆಯ ವಿದ್ಯಾರ್ಥಿ ಮುಕ್ತ ತಂತ್ರಾಂಶದ ಒಂದು ಯೋಜನೆಗೆ ಬೇಸಿಗೆಯಲ್ಲಿ ಕೋಡ್ ಬರೆಯಬಹುದು, ಪಳಗಿದ ಪ್ರೋಗ್ರಾಮರ್ ಒಬ್ಬರು ಮಾರ್ಗದರ್ಶಕರು, ಜೊತೆಗೆ ಭತ್ಯೆ. ನೂರಕ್ಕೂ ಹೆಚ್ಚು ದೇಶಗಳಿಂದ ಸಾವಿರಾರು ವಿದ್ಯಾರ್ಥಿಗಳು ಇದರಲ್ಲಿ ಪಾಲ್ಗೊಂಡಿದ್ದಾರೆ. ಮೊದಲ ದಶಕದ ಲೆಕ್ಕ ತೆಗೆದಾಗ ಅತಿ ಹೆಚ್ಚು ವಿದ್ಯಾರ್ಥಿಗಳು ಆಯ್ಕೆಯಾಗಿದ್ದ ವಿಶ್ವವಿದ್ಯಾಲಯ ಎಂಐಟಿಯಲ್ಲ, ಸ್ಟ್ಯಾನ್‌ಫರ್ಡ್ ಅಲ್ಲ, ನಮ್ಮ ಯಾವ ಐಐಟಿಯೂ ಅಲ್ಲ. ಶ್ರೀಲಂಕಾದ ಮೊರಟುವ ವಿಶ್ವವಿದ್ಯಾಲಯ.

ಅದರ ಹಿನ್ನೆಲೆಯಲ್ಲಿ ಎದ್ದು ಕಾಣುವ ಹೆಸರು ಸಂಜೀವ ವೀರವರಣ. ಅಮೆರಿಕದಲ್ಲಿ ಐಬಿಎಂ ಸಂಶೋಧಕರಾಗಿದ್ದು ಅಪಾಚೆ ಎಂಬ ಮುಕ್ತ ತಂತ್ರಾಂಶ ಬಳಗದಲ್ಲಿ ಹೆಸರು ಮಾಡಿದ್ದ ಅವರು ಕೊಲಂಬೊಗೆ ಮರಳಿ, 2003ರಲ್ಲಿ ಲಂಕಾ ಸಾಫ್ಟ್‌ವೇರ್ ಫೌಂಡೇಶನ್ ಕಟ್ಟುವಲ್ಲಿ ಮುಂದಾದರು. ಅಲ್ಲಿನ ಹುಡುಗರ ಕೋಡ್ ಅಪಾಚೆ ಯೋಜನೆಗಳಿಗೆ ಸೇರತೊಡಗಿತು. ಅದನ್ನು ಓದಿದ ದೂರದೇಶದ ಪ್ರೋಗ್ರಾಮರ್‌ಗಳಿಗೆ ಆ ಹುಡುಗರ ಹೆಸರು ಪರಿಚಿತವಾಯಿತು. ಆಯ್ಕೆಯಾದ ಸೀನಿಯರ್‌ಗಳು ಅರ್ಜಿ ಹೇಗೆ ಬರೆಯಬೇಕು, ಯಾವ ಯೋಜನೆಯಲ್ಲಿ ಯಾರನ್ನು ಕೇಳಬೇಕು ಎಂದು ಜೂನಿಯರ್‌ಗಳಿಗೆ ಹೇಳಿಕೊಟ್ಟರು. ಆ ಜೂನಿಯರ್‌ಗಳು ಮುಂದಿನ ವರ್ಷದವರಿಗೆ ಹೇಳಿದರು. ಶ್ರೀಲಂಕಾದ ಒಟ್ಟು ಜನಸಂಖ್ಯೆ ಸುಮಾರು 2 ಕೋಟಿ 20 ಲಕ್ಷ. ಕರ್ನಾಟಕದ್ದು 2011ರ ಜನಗಣತಿಯಲ್ಲೇ 6 ಕೋಟಿ 10 ಲಕ್ಷ ದಾಟಿತ್ತು.